ತೂಕದಲ್ಲಿ ಉಳಿದ ನೂರೆಂಬತ್ತು ಗ್ರಾಂ

"ಅಮ್ಮ ಸತ್ತಿದ್ದು ನಿನಗೆ ಯಾವತ್ತು ಗೊತ್ತಾಯ್ತು?"

ಯೇಲಿನ್ ತೂಕಕ್ಕಿಟ್ಟಿದ್ದ ಚೀಲದಿಂದ ಕೈ ತೆಗೆದಳು. ಬಾಗಿಲಲ್ಲಿ ಪೆಂಗ್ ರೂಯ್ ನಿಂತಿದ್ದ. ಆರು ತಿಂಗಳು ಬಾಹ್ಯಾಕಾಶ ನಿಲ್ದಾಣದಲ್ಲಿದ್ದು ಇಳಿದವನು. ಕಾಲಿಗೆ ಇನ್ನೂ ಬಲ ಬಂದಿರಲಿಲ್ಲ, ಊರುಗೋಲು ಹಿಡಿದಿದ್ದ. ಇವನನ್ನು ಮದುವೆಯಾಗಲು ದಿನ ಎಣಿಸಿದವಳಿಗೆ ಈಗ ಇವನ ಮುಖ ನೋಡುವ ಧೈರ್ಯವಿರಲಿಲ್ಲ.

"ಅವತ್ತೇ," ಎಂದಳು.

"ಮತ್ತೆ ಪ್ರತಿ ಭಾನುವಾರ ನಾನು ಕೇಳ್ದಾಗ? ಅಮ್ಮ ಊರಿಗೆ ಹೋಗಿದಾರೆ, ಅಲ್ಲಿ ಸಿಗ್ನಲ್ ಇಲ್ಲ ಅಂದ್ಯಲ್ಲ... ಚೆನ್ನಾಗಿ ಕಥೆ ಕಟ್ತೀಯ ಬಿಡು."

"ಸಾಯೋ ಮುಂಚೆ ಅಮ್ಮನೇ ನನ್ನಿಂದ ಮಾತು ತಗೊಂಡ್ರು, ರೂಯ್. ಅವನು ಇಳಿಯೋವರೆಗೂ ಬಾಯಿ ಬಿಡ್ಬೇಡ, ಅಲ್ಲಿ ಅತ್ರೆ ಕಣ್ಣೀರೂ ಕೆಳಗೆ ಬೀಳಲ್ವಂತೆ ಅಂದ್ರು."

ನಮ್ಮ ವೆನ್‌ಚಾಂಗ್ ಉಡಾವಣಾ ಕೇಂದ್ರದಿಂದ ಹಾರುವ ಸರಕು ನೌಕೆಯಲ್ಲಿ ಮನುಷ್ಯರಿರುವುದಿಲ್ಲ. ನೀರು, ಬಟ್ಟೆ, ಊಟ ಹೊತ್ತು ಹೋಗುತ್ತದೆ. ನಿಲ್ದಾಣದ ಕಸ ತುಂಬಿಕೊಂಡು ಮರಳುವಾಗ ಆಕಾಶದಲ್ಲೇ ಉರಿದುಹೋಗುತ್ತದೆ. ಅದರ ಚೀಲಗಳನ್ನು ಗ್ರಾಂ ಬಿಡದೆ ತೂಗಿ ಕಟ್ಟುವುದು ಯೇಲಿನ್‌ಳ ಕೆಲಸ. ಕಳೆದ ಸಲ ಮಗನಿಗೆಂದು ರೂಯ್‌ನ ಅಮ್ಮ ಕೆಂಪು ಮೆಣಸಿನಕಾಯಿ ಕೊಚ್ಚಿ ಉಪ್ಪಿನಕಾಯಿ ಹಾಕಿಕೊಟ್ಟಿದ್ದರು. ನೌಕೆ ಹಾರಿದ ಹನ್ನೊಂದನೇ ದಿನ ತೀರಿಕೊಂಡರು.

"ಅದು ಅಮ್ಮನ ಕೈಯ ಕೊನೇದು ಅಂತ ಒಂದು ಮಾತು..." ಅವನ ದನಿ ಒಡೆಯಿತು. "ಉಪ್ಪು ಜಾಸ್ತಿ ಅಂತ ಆಡ್ಕೊಂಡೆ. ಅರ್ಧ ತಿಂದು ಕಸಕ್ಕೆ ಹಾಕ್ದೆ. ನೌಕೆ ಜೊತೆ ಸುಟ್ಟೇ ಹೋಯ್ತು. ಹೇಳಿದ್ರೆ ಒಂದು ಚಮಚ ಆದ್ರೂ ಉಳಿಸ್ಕೊತಿದ್ದೆ."

'ಇದನ್ನೂ ಹೇಳಲೇ?' ಎಂದು ಅವಳ ಮನಸ್ಸು ಹೊಯ್ದಾಡಿತು. ಆದರೆ ಇನ್ನು ಮುಚ್ಚಿಡುವುದು ಅವಳಿಂದಾಗಲಿಲ್ಲ.

"ಔಷಧಿಯಿಂದ ಅವರ ನಾಲಿಗೆಗೆ ರುಚೀನೇ ಗೊತ್ತಾಗ್ತಿರ್ಲಿಲ್ಲ. ಎರಡು ಸಲ ಉಪ್ಪು ಹಾಕಿದ್ರು. ಸರಿಯಾಗಿದ್ಯಾ ನೋಡು ಅಂದ್ರು. ಸರಿಯಾಗಿದೆ ಅಂದೆ."

ರೂಯ್ ಗೋಡೆಗೆ ಒರಗಿಕೊಂಡ.

ಅವಳು ಫ್ರಿಜ್ಜಿನಿಂದ ಪುಟ್ಟ ಡಬ್ಬಿಯೊಂದನ್ನು ತಂದು ಮೇಜಿನ ಮೇಲಿಟ್ಟಳು. ಮುಚ್ಚಳದ ಮೇಲೆ ಅವಳದೇ ಅಕ್ಷರ: ನೂರೆಂಬತ್ತು ಗ್ರಾಂ.

"ನಿನ್ನ ಚೀಲ ತೂಕ ಮೀರಿತ್ತು. ಉಪ್ಪಿನಕಾಯಲ್ಲಿ ಇಷ್ಟನ್ನ ತೆಗೆದೆ. ಅವರು ಕೊಟ್ಟಿದ್ರಲ್ಲೂ ಕಡಿಮೆ ಮಾಡಿದ್ನಲ್ಲ ಅಂತ ದಿನಾ ನನ್ನನ್ನೇ ಬೈಕೊಂಡೆ. ಎಸೆಯೋಕೆ ಮಾತ್ರ ಕೈ ಬರ್ಲಿಲ್ಲ."

ಅವಳ ಊಟದ ಬಟ್ಟಲು ಪಕ್ಕದಲ್ಲೇ ಇತ್ತು. ಅವನು ಕುಳಿತು, ಊಟದ ಜೋಡಿ ಕಡ್ಡಿ ತೆಗೆದುಕೊಂಡು ಅನ್ನದ ಜೊತೆ ಒಂದು ತುತ್ತು ತಿಂದ. ತಿನ್ನುತ್ತಲೇ ಅತ್ತ. ಕಣ್ಣೀರು ಕೆಳಗೆ ಬಿತ್ತು.

"ಬೈದು, ಸಂಬಂಧ ಮುರ್ಕೊಂಡು ಹೋಗೋಣ ಅಂತ ಬಂದಿದ್ದೆ, ಯೇಲಿನ್."

"ಬೈಯಿ."

"ಆಗ್ತಿಲ್ಲ. ನೀನೂ ಹೋದ್ರೆ ನನಗೆ ಇನ್ಯಾರಿದಾರೆ?"

"ಹೋಗಲ್ಲ. ಸುಳ್ಳೂ ಹೇಳಲ್ಲ."

"ಹಾಗಾದ್ರೆ ಹೇಳು, ಹೇಗಿದೆ?" ಅವನು ಒಂದು ತುತ್ತು ಅವಳ ಬಾಯಿಗಿಟ್ಟ.

"ಉಪ್ಪು ಜಾಸ್ತಿ," ಎಂದಳು ಅಳುತ್ತಾ. "ನೀರು ತರ್ಲಾ?"

"ಬೇಡ. ಇಲ್ಲೇ ಕೂತ್ಕೋ."