ಜೂನ್ ಒಂದಕ್ಕೆ ಹುಟ್ಟದವನು

"ವ್ಯಾನ್ ಮುಂದೆ ಹಿಂಗ್ ನಿಂತ್ಕಂಡ್ರೆ ಹೆಂಗೆ ಮಿಸ್? ಒಸಿ ಸೈಡಿಗೆ ಬನ್ನಿ."

ಪ್ರತಿಮಾ ಕದಲಲಿಲ್ಲ.

ಕೋಡಿಹಳ್ಳಿ ಪಕ್ಕದ ಆ ಊರಿನ ಸರ್ಕಾರಿ ಶಾಲೆಗೆ ಹೊಸದಾಗಿ ಬಂದ ಟೀಚರ್ ಅವಳು. ತಿಂಗಳೊಳಗೆ ಹತ್ತು ಮಕ್ಕಳು ದಾಖಲಾಗದಿದ್ದರೆ ಶಾಲೆಗೆ ಬೀಗ. ಆಗಿದ್ದದ್ದು ಒಂಬತ್ತು. ಊರಿನ ಮಕ್ಕಳನ್ನೆಲ್ಲ ಕನಕಪುರದ ಕಾನ್ವೆಂಟಿಗೆ ತುಂಬಿಕೊಂಡು ಹೋಗುವ ವ್ಯಾನು ಅಶ್ವಥನದು. ಮುಂದಿನ ಸೀಟಲ್ಲಿ ಅವನ ಅಕ್ಕನ ಮಗಳು, ಆರು ವರ್ಷದ ಕವನ.

ಅವಳು ಬಂದರೆ ಹತ್ತು.

ಪ್ರತಿಮಾ ಬೈಯಬೇಕಂತಲೇ ಬಂದಿದ್ದಳು. ಅವನ ಕಣ್ಣು ನೋಡಿದ್ದೇ ಮಾತು ಮರೆತುಹೋಯ್ತು... ಹಳೇ ದಾಖಲಾತಿ ಪುಸ್ತಕದಲ್ಲಿ ಕಂಡ ಅವನ ಹುಟ್ಟಿದ ದಿನ ನೆನಪಾಯ್ತು. ಇವನೂ ಇದೇ ಶಾಲೆಯವನು, ಏಳಕ್ಕೇ ಬಿಟ್ಟವನು.

"ಹ್ಯಾಪಿ ಬರ್ತ್‌ಡೇ. ಇವತ್ತು ಜೂನ್ ಒಂದಲ್ವಾ?"

ಅವನ ಮುಖ ಕೆಂಪಾಯ್ತು. "ಆಡ್ಕೋತೀರಾ?"

ವ್ಯಾನು ಧೂಳೆಬ್ಬಿಸಿ ಹೋಯ್ತು.

ನಾನೇನು ತಪ್ಪು ಮಾಡಿದೆ...?

ಸಂಜೆ ಆ ಪುಸ್ತಕ ಬಿಡಿಸಿದಳು. ಆ ಪುಟದ ಇಪ್ಪತ್ಮೂರು ಮಕ್ಕಳೂ ಜೂನ್ ಒಂದಕ್ಕೇ ಹುಟ್ಟಿದ್ದರು. ಒಬ್ಬ ತಾಯಿಯನ್ನಾದರೂ ಕೇಳೋ ಪುರುಸೊತ್ತು ಯಾವ ಮೇಷ್ಟ್ರಿಗೂ ಇರಲಿಲ್ಲ! ತಲೆ ಎಣಿಸಿಕೊಂಡರು, ಅಷ್ಟೇ. ಈಗ ತಲೆ ಕಮ್ಮಿಯಾದವು ಅಂತ ಬೀಗ ತರುತ್ತಾರಂತೆ.

ಮರುದಿನವೇ ಅವನ ಮನೆಗೆ ಹೋದಳು. ಅವನಿರಲಿಲ್ಲ. ಅವನ ಅವ್ವ ವೆಂಕಟಲಕ್ಷ್ಮಮ್ಮನ ಹತ್ತಿರ ಕ್ಷಮೆ ಕೇಳಿ, ಮಗ ಹುಟ್ಟಿದ್ದು ನಿಜವಾಗಿ ಯಾವಾಗ ಅಂತ ವಿಚಾರಿಸಿದಳು. ಕವನಳ ಸುದ್ದಿಯನ್ನೇ ಎತ್ತಲಿಲ್ಲ.

ಕೊನೆಯ ದಿನ ಬಂತು. ಒಂಬತ್ತು ಒಂಬತ್ತಾಗೇ ಉಳಿದಿತ್ತು. ಬಾಗಿಲು ಹಾಕುವ ಹೊತ್ತಿಗೆ ಅಶ್ವಥ್ ಬಂದ, ಕವನಳ ಕೈ ಹಿಡಿದು.

"ಅವ್ವನ್ತವ ನಾನ್ ಹುಟ್ಟಿದ್ ದಿನ ಕೇಳಿದ್ರಂತೆ. ಯಾಕೆ?"

ಅವಳು ಜಗಲಿಗೆ ಕರೆದುಕೊಂಡು ಬಂದು ಗೋಡೆಯ ಕಲ್ಲು ತೋರಿಸಿದಳು. ಶಾಲೆ ಉದ್ಘಾಟನೆ, 14-12-2000.

"ಅವತ್ತೇ ನೀವು ಹುಟ್ಟಿದ್ದು. ಇಲ್ಲಿ ಮೈಕಲ್ಲಿ ಭಾಷಣ ಆಗ್ತಿತ್ತಂತೆ. ಅಲ್ಲಿ ಮನೇಲಿ ನೀವು ಅತ್ತಿದ್ದು ಯಾರಿಗೂ ಕೇಳಿಸ್ಲಿಲ್ವಂತೆ."

ಅವನು ಕಲ್ಲಿನ ಅಂಕಿಗಳ ಮೇಲೆ ಬೆರಳಾಡಿಸಿದ.

"ಏಳು ವರ್ಷ ಇದರ ಕೆಳಗೇ ಚಪ್ಪಲಿ ಬಿಟ್ಟಿವ್ನಿ ಮಿಸ್... ಯಾರೂ ಕೇಳ್ನಿಲ್ಲ."

ಆಮೇಲೆ ಕವನಳನ್ನು ಮುಂದೆ ನಿಲ್ಲಿಸಿದ. "ಇವಳ್ದು ಮಾರ್ಚ್ ಒಂಬತ್ತು. ಹಂಗೇ ಬರ್ಕಳಿ."

ಪ್ರತಿಮಾ ಹತ್ತನೇ ಹೆಸರು ಬರೆಯತೊಡಗಿದಳು.

"ಡಿಸೆಂಬರ್ ಹದಿನಾಲ್ಕಕ್ಕೆ ವಿಶ್ ಮಾಡಿದ್ರೆ ಬೈತೀರಾ?" ಅವಳು ತಲೆಯೆತ್ತಲಿಲ್ಲ.

"ಈ ವರ್ಷ ಒಂದೇನಾ?"

ಪೆನ್ನು ನಿಂತಿತು.

"ಪ್ರತಿ ವರ್ಷ," ಅಂದಳು.