ಬಲಕ್ಕೆ ಬಿದ್ದ ಗಾಡಿ

ಮಧ್ಯಾಹ್ನದ ಆಟ ಮುಗಿದು ದೀಪ ಹತ್ತಿದಾಗ, ಪರದೆಯ ಅಡಿಯಿಂದ ಒಂದು ಕೆಂಪು ಗೆರೆ ಹರಿದು ಬಂದು ಹೆಪ್ಪುಗಟ್ಟಿದ್ದನ್ನು ಮೊದಲು ಕಂಡವಳು ಗೇಟಕ್ಕ. ಟಿಕೆಟ್ ಹರಿದು, ಟಾರ್ಚ್ ಹಿಡಿದು ಜನರನ್ನು ಕೂರಿಸುವುದು ಅವಳ ಕೆಲಸ. ಬಣ್ಣ ಚೆಲ್ಲಿರಬೇಕು ಅಂದುಕೊಂಡೇ ಪರದೆಯ ಹಿಂದಿನ ಉಗ್ರಾಣಕ್ಕೆ ಹೋದಳು. ಬೀಗ ತೆಗೆದೇ ಇತ್ತು. ಟಾಕೀಸಿನ ಯಜಮಾನರು ಬೋರಲು ಬಿದ್ದಿದ್ದರು. ತಲೆಯ ಪಕ್ಕದಲ್ಲಿ ರಕ್ತ ಮೆತ್ತಿದ ತಗಡಿನ ರೀಲು ಡಬ್ಬಿ. ತೇವ ತಡೆಯಲೆಂದು ನೆಲಕ್ಕೆ ಹಾಸಿದ್ದ, ಕೈಯಲ್ಲಿ ಬರೆದ ಹಳೆಯ ಸಿನಿಮಾ ಬೋರ್ಡುಗಳಲ್ಲಿ ಒಂದನ್ನು ಮಾತ್ರ ಯಾರೋ ಎತ್ತಿ ಗೋಡೆಗೆ ಒರಗಿಸಿದ್ದರು.

ಯಾರನ್ನೂ ಹೊರಗೆ ಬಿಡದೆ ಠಾಣೆಗೆ ಹೇಳಿಕಳಿಸಿದಳು.

ಇನ್ಸ್‌ಪೆಕ್ಟರ್ ಬಂದು ಬಾಗಿಲು ಹಾಕಿಸಿದರು. ಒಳಗೆ ಹನ್ನೊಂದು ಜನ ಪ್ರೇಕ್ಷಕರು, ವಾರವಾರವೂ ಕೌಬಾಯ್‌ಗಳ ಕುದುರೆ ಪಿಚ್ಚರಿಗೆ ಬರುವ ಹಳಬರು. ಗುಂಡು ತಾಗಿದರೆ ರಟ್ಟಿನ ಬಂಡೆ ಅಲ್ಲಾಡುತ್ತದೆ, ದೊಡ್ಡ ದಂಡು ಅಂತ ತೋರಿಸುವುದು ಆರೇ ಕುದುರೆಯನ್ನು, ಎಲ್ಲ ಅವರಿಗೆ ಗೊತ್ತು. ಗೊತ್ತಿದ್ದೇ ಬರುತ್ತಿದ್ದರು. ಕರಿ ಟೋಪಿ ಕಂಡರೆ ಸಾಕು, ಕೆಟ್ಟವನು ಯಾರೆಂದು ತಿಳಿದು ನಿರಾಳವಾಗಿ ಕೂರಬಹುದಲ್ಲ. ಇವತ್ತು ಅವರು ನಡುನಡುವೆ ಕುರ್ಚಿ ಬಿಟ್ಟು ಕೂತರು. ಯಾರ ತಲೆಯ ಮೇಲೂ ಟೋಪಿ ಇರಲಿಲ್ಲ.

"ಉಗ್ರಾಣದ ಬೀಗದಕೈ ಯಾರ ಹತ್ರ ಇರುತ್ತೆ?" ಅಂದರು ಇನ್ಸ್‌ಪೆಕ್ಟರ್.

"ಒಂದು ಯಜಮಾನರ ಹತ್ರ, ಒಂದು ನನ್ನ ಹತ್ರ," ಅಂದ ಆಪರೇಟರ್. ಮಿಷನ್ನಿನಲ್ಲಿ ಪಿಚ್ಚರ್ ಓಡಿಸುವ ಅವನು ಗೇಟಕ್ಕನ ಒಡಹುಟ್ಟಿದ ತಮ್ಮ.

"ಬೆಳಿಗ್ಗೆ ಅವರ ಜೊತೆ ಜಗಳ ಆಡಿದ್ಯಂತೆ."

"ಮಿಷನ್ ರಿಪೇರಿ ಮಾಡಿಸಿ ಅಂದೆ ಸಾರ್, ಅಷ್ಟೇ."

"ಮಿಕ್ಕಿದ್ದು ಠಾಣೇಲಿ ಹೇಳು. ಜೀಪ್ ಹತ್ತು."

ಗೇಟಕ್ಕ ಎತ್ತಿ ಆಡಿಸಿದ ಕೂಸು ಅವನು. ಮೆಟ್ಟಿಲು ಹತ್ತಿ ಓಡಿದಳು. ಮಿಷನ್ ರೂಮಿನ ಪಕ್ಕದ ಕೋಣೆಯಲ್ಲಿ ರೀಲಜ್ಜ ವಾಸವಿದ್ದ. ಓದಿದ್ದು ಎರಡನೇ ಕ್ಲಾಸು. ಕಣ್ಣು ಮಾತ್ರ ನಲವತ್ತು ವರ್ಷ ಹರಿದ ಫಿಲಂ ಅಂಟಿಸಿ ಪಳಗಿದ್ದು. ಬಗೆಹರಿಯದ ಕೇಸು ಹೊತ್ತು ಠಾಣೆಯವರೇ ಆ ಮೆಟ್ಟಿಲು ಹತ್ತಿದ್ದುಂಟು.

ಅವಳ ಮಾತೆಲ್ಲ ಕೇಳಿ ಅಜ್ಜ ಅಂದ, "ತಡವಾಗಿ ಯಾರಾದ್ರೂ ಬಂದ್ರಾ?"

"ನಮ್ಮ ಟಾಕೀಸಿನ ಬೋರ್ಡ್ ಬರೆಯೋ ಅಣ್ಣ. ಬಸ್ಸು ಕೈಕೊಡ್ತು ಅಂದ. ಏದುಸಿರು ಬಿಡ್ತಿದ್ದ, ನೀರು ಬೇಕಾ ಅಂತ ನಾನೇ ಕೇಳ್ದೆ."

"ಎಷ್ಟೊತ್ತಿಗೆ?"

"ಗೊತ್ತಿಲ್ಲ ಅಜ್ಜ. ಗೇಟಲ್ಲಿ ನಿಂತ್ರೆ ಪರದೆಗೆ ನನ್ನ ಬೆನ್ನು."

ಅಜ್ಜ ನಿಧಾನವಾಗಿ ಕೆಳಗಿಳಿದು ಇನ್ಸ್‌ಪೆಕ್ಟರಿಗೆ ಕೈಮುಗಿದ. "ಇದು ಹೊಸದಾಗಿ ಬಂದ ಪ್ರಿಂಟು ಸ್ವಾಮಿ, ಇವತ್ತೇ ಮೊದಲ ಆಟ, ಇದಕ್ಕೂ ಮುಂಚೆ ಇವರ್ಯಾರೂ ನೋಡಿಲ್ಲ. ಇವರನ್ನ ಒಂದು ಮಾತು ಕೇಳ್ತೀನಿ. ಪಿಚ್ಚರಲ್ಲಿ ಕುದುರೆಗಾಡಿ ಪ್ರಪಾತಕ್ಕೆ ಬಿತ್ತಲ್ಲ, ಹೇಗೆ ಬಿತ್ತು?"

"ಹೆಣ ಬಿದ್ದಿರೋವಾಗ ಇವರಿಗೆ ಗಾಡಿ ಚಿಂತೆ," ಅಂತ ಗೊಣಗಿದ ಮುಂದಿನ ಸಾಲಿನ ಟೈಲರ್. "ಎರಡು ಬಿದ್ವು. ಶುರುವಲ್ಲಿ ಒಂದು, ಎಡಕ್ಕೆ. ನನ್ನ ಮೇಲೇ ಬಂದಂಗಾಗಿ ಕಾಲು ಎಳ್ಕೊಂಡೆ. ಕಡೇಲಿ ಒಂದು, ಬಲಕ್ಕೆ."

"ಹೌದು. ಬೇರೆ ಬೇರೆ ಗಾಡಿ," ಅಂದರು ನಿವೃತ್ತ ಟೀಚರಮ್ಮ.

ಬೋರ್ಡ್ ಬರೆಯುವವನು ನಕ್ಕ. "ಎಲ್ಲಿ ಬೇರೆ ಟೀಚರಮ್ಮ? ಒಂದೇ ಗಾಡೀನ ಎರಡು ಸಲ ತೋರಿಸಿದ್ದಾರೆ ಕಂಜೂಸುಗಳು. ಎರಡು ಸಲವೂ ಬಲಕ್ಕೇ ಬಿತ್ತು."

"ತಡವಾಗಿ ಬಂದ್ಯಲ್ಲಪ್ಪ, ಮೊದಲನೇದು ಎಲ್ಲಿ ನೋಡ್ದೆ?" ಅಂದ ಅಜ್ಜ.

ನಗು ನಿಂತಿತು. "ಗೇಟ್ ಹತ್ರ ಕತ್ತಲಲ್ಲಿ ನಿಂತು ನೋಡ್ದೆ. ಬೇಕಾದ್ರೆ ಅಕ್ಕನ್ನ ಕೇಳಿ."

ಎಲ್ಲರೂ ಗೇಟಕ್ಕನ ಕಡೆ ತಿರುಗಿದರು. ಅವನ ಮಾತು ಸುಳ್ಳು ಅಂದುಬಿಟ್ಟರೆ ತಮ್ಮ ಉಳಿಯುತ್ತಾನೆ. ಆದರೆ ಕಾಣದ್ದನ್ನು ಕಂಡೆ ಅನ್ನುವುದು ಹೇಗೆ? "ನಾನು ಪರದೆ ನೋಡ್ತಿರಲಿಲ್ಲ," ಅಂದಳು.

"ಪರವಾಗಿಲ್ಲ ಮಗಳೇ," ಅಂದ ಅಜ್ಜ. ಇನ್ಸ್‌ಪೆಕ್ಟರನ್ನು ಪರದೆಯ ಹಿಂದಕ್ಕೆ ಕಳಿಸಿದ. ಜೀಪಿನಿಂದ ವಾಪಸು ಕರೆತಂದ ತಮ್ಮ, ಪಕ್ಕದಲ್ಲಿ ಪೇದೆಯನ್ನು ನಿಲ್ಲಿಸಿಕೊಂಡು, ಮೊದಲ ರೀಲು ಏರಿಸಿದ.

ದೀಪ ಆರಿತು. ಹನ್ನೊಂದು ಜನರ ಉಸಿರು ಕೇಳುತ್ತಿತ್ತು, ಅದರಲ್ಲಿ ಒಂದು ಕೊಂದವನದು. ಗೇಟಕ್ಕ ಗೋಡೆಗೆ ಬೆನ್ನು ಒತ್ತಿ ನಿಂತಳು. ಕುದುರೆಗಳು ಬೆದರಿದವು, ಗಾಡಿ ಎಡಕ್ಕೆ ಉರುಳಿತು.

"ಸ್ವಾಮಿ, ಎತ್ತ ಬಿತ್ತು?"

ಬಟ್ಟೆಯ ಪರದೆಯ ಹಿಂದಿನಿಂದ ದನಿ ಬಂತು. "ಬಲಕ್ಕೆ."

ದೀಪ ಹತ್ತಿತು. ಅಜ್ಜ ಕುರ್ಚಿಯ ತೋಳು ಹಿಡಿದು ಕೂತ.

"ಬೆಳಿಗ್ಗೆ ರೀಲು ಅಂಟಿಸುವಾಗಲೇ ನೋಡಿದ್ದೆ. ಬಡ ಪಿಚ್ಚರು, ಒಂದೇ ಗಾಡಿ ಬೀಳಿಸಿ ಕಡೇ ರೀಲಿಗೆ ಅದನ್ನೇ ಎಡಬಲ ಮಗುಚಿ ಹಾಕಿದ್ದಾರೆ. ಇಲ್ಲಿ ಕೂತವರಿಗೆ ಒಂದು ಎಡಕ್ಕೆ, ಒಂದು ಬಲಕ್ಕೆ. ಗೇಟಲ್ಲಿ ನಿಂತವರಿಗೂ ಹಾಗೇ. ಎರಡೂ ಬಲಕ್ಕೆ ಬೀಳಬೇಕಾದ್ರೆ ಮೊದಲನೇದನ್ನ ಪರದೆ ಹಿಂದೆ ನಿಂತು, ಎರಡನೇದನ್ನ ಇಲ್ಲಿ ಕೂತು ನೋಡಿರಬೇಕು. ಬೀಗ ತೆಗೆದದ್ದು ಯಜಮಾನರೇ, ಅವರ ಬೀಗದಕೈಯಿಂದ. ಇವನು ಉಗ್ರಾಣದ ಹಿಂಬಾಗಿಲಿಂದ ಹೊರಟು, ಕಟ್ಟಡ ಸುತ್ತಿ ಗೇಟಿಗೆ ಬಂದ. ಸಿನಿಮಾದ ಗುಂಡಿನ ಸದ್ದಲ್ಲಿ ಡಬ್ಬಿಯ ಏಟಿನ ಸದ್ದು ಮುಳುಗಿಹೋಯ್ತು. ಆ ಬೋರ್ಡು ಎತ್ತಿ ಒರಗಿಸಿದ್ದಾರಲ್ಲ, ಬರೆದವನನ್ನ ಬಿಟ್ಟು ಅದು ಯಾರಿಗೆ ಬೇಕಪ್ಪ?"

ಬೋರ್ಡ್ ಬರೆಯುವವನು ತನ್ನ ಬೆರಳುಗಳನ್ನೇ ನೋಡುತ್ತಿದ್ದ. "ಮೂವತ್ತು ವರ್ಷ ಬರೆದದ್ದು. ಕೊಡಿ, ಮನೇಲಿ ಇಟ್ಕೋತೀನಿ ಅಂದೆ. ಬೂಟುಕಾಲಲ್ಲಿ ಅದರ ಮೇಲೇ ನಿಂತು, ನೆಲಕ್ಕೇ ಲಾಯಕ್ಕು ಅಂದ್ರು."

ಅವನನ್ನು ಕರೆದೊಯ್ದರು. ತಮ್ಮ ಬಂದು ಅಕ್ಕನ ಹೆಗಲ ಮೇಲೆ ಕೈಯಿಟ್ಟಾಗ ಅವಳು ಬೆಚ್ಚಿಬಿದ್ದಳು. ಕೊಂದ ಕೈಯನ್ನು ಮೊಣಕೈ ಹತ್ತಿರ ಹಿಡಿದು, ಹುಷಾರು ಅಣ್ಣ ಅಂತ ತಾನೇ ಕುರ್ಚಿಗೆ ಕೂರಿಸಿದ್ದಳಲ್ಲ.

ಟಾರ್ಚನ್ನು ಜನರ ಕಾಲಬುಡಕ್ಕೆ ಹಿಡಿಯುವುದು ಟಾಕೀಸಿನ ಪದ್ಧತಿ. ಆ ದಿನದಿಂದ ಗೇಟಕ್ಕ ಮೊದಲು ಮುಖಕ್ಕೆ ಹಿಡಿಯತೊಡಗಿದಳು. ಜನ ಬೈದರು. ಬೈಸಿಕೊಂಡು, ಇನ್ನೂ ಒಂದು ಕ್ಷಣ ಹಾಗೇ ಹಿಡಿದಿರುತ್ತಿದ್ದಳು.