ತೂತಿಲ್ಲದ ಟ್ಯೂಬು

"ಇದಕ್ಕೊಂದು ಮೋಟರ್ ಆಕ್ಕೊಡಿ. ದಾರೀಲಿ ಎಲ್ಲೂ ಇಳೀದೆ, ಎಲ್ಲೂ ನಿಲ್ದೆ ಓಡ್ಬೇಕು," ಎಂದ ಚಲಪತಿ, ಸೈಕಲ್ಲನ್ನು ಶಾಪಿನ ಮುಂದೆ ನಿಲ್ಲಿಸುತ್ತಾ.

ಸೆಲ್ವಿಯ ಕೈಯಲ್ಲಿದ್ದ ಸ್ಪ್ಯಾನರ್ ತಿರುಗುವುದನ್ನು ನಿಲ್ಲಿಸಿತು. ಎಲ್ಲೂ ನಿಲ್ಲದೆ ಅಂದರೆ ಇಲ್ಲೂ ನಿಲ್ಲದೆ ಅಂತ ತಾನೇ?

ಬೇತಮಂಗಲದ ಪಕ್ಕದ ಹಳ್ಳಿಯಿಂದ ದಿನಾ ಬೆಳಗ್ಗೆ ಕೊತ್ತಂಬರಿ, ಪುದೀನ ಹೇರಿಕೊಂಡು ರಾಬರ್ಟ್‌ಸನ್‌ಪೇಟೆಯ ಮಾರ್ಕೆಟ್ಟಿಗೆ ಬರುವ ಹುಡುಗ ಅವನು. ಅವನ ತಾತ ಕೋದಂಡಪ್ಪ ಗಣಿ ಕೆಲಸಕ್ಕೆ ತುಳಿಯುತ್ತಿದ್ದ ಸೈಕಲ್ಲು ಅದು. ಹಸಿರು ಬಣ್ಣ ಮಾಸಿದ್ದರೂ ಫ್ರೇಮು ಗಟ್ಟಿಮುಟ್ಟಾಗಿತ್ತು. ಸೆಲ್ವಿ ತನ್ನ ಅಪ್ಪ ಸೆಲ್ವರಾಜ್ ಜೊತೆ ನಡೆಸುವ ಸೈಕಲ್ ಶಾಪು ಮಾರ್ಕೆಟ್ಟಿನ ದಾರಿಯಲ್ಲೇ ಇತ್ತು. ಹಿಂದಿನ ಚಕ್ರದ ಗಾಳಿ ಇಳಿದಿದೆ ಎಂದು ಚಲಪತಿ ದಿನಾ ಅಲ್ಲಿ ನಿಲ್ಲುತ್ತಿದ್ದ. ಅವಳು ಪಂಪು ಹೊಡೆಯುವಷ್ಟು ಹೊತ್ತು ಅವಳ ಕೈಬಳೆಗಳನ್ನೇ ನೋಡುವುದು, ಅವಳು ತಲೆ ಎತ್ತಿದ ಕೂಡಲೇ ಎದುರಿನ ಬಸ್ ಸ್ಟಾಪಿನ ಕಡೆ ತಿರುಗುವುದು, ಇದು ಅವನ ಅಭ್ಯಾಸ. ಆ ಒಂದು ಗಳಿಗೆಗಾಗಿ ಸೆಲ್ವಿ ಬೆಳಗಾಗುವುದನ್ನೇ ಕಾಯುತ್ತಿದ್ದಳು. ಮೋಟರ್ ಬಂದರೆ ಅದಕ್ಕೂ ಕಲ್ಲು ಬಿದ್ದ ಹಾಗೆಯೇ.

"ಈ ಮುದುಕಪ್ಪನಿಗೆ ಮೋಟರ್ ಯಾಕೆ?" ಎಂದಳು ಸೆಲ್ವಿ, ಸೈಕಲ್ಲಿನ ಸೀಟು ತಟ್ಟಿ.

"ಏರಿನಾಗೆ ತಳ್ಕೊಂಡು ಬರೋ ಅಷ್ಟರಾಗೆ ಸೊಪ್ಪು ಬಾಡೋಗ್ತದೆ. ಇಬ್ರು ಕೂತ್ರೂ ಎಳೀಬೇಕು, ಅಂಥದ್ದು ಆಕಿ."

"ಇನ್ನೊಬ್ರು ಯಾರು?"

"ಬತ್ತಾರೆ, ನೋಡೀರಂತೆ," ಎಂದು ನಕ್ಕು, ಸೈಕಲ್ಲನ್ನು ಅಲ್ಲೇ ಬಿಟ್ಟು ಅವನು ಬಸ್ಸು ಹತ್ತಿದ.

ಯಾರಾದರೂ ಬರಲಿ, ನನಗೇನು ಎಂದು ಸೆಲ್ವಿ ಮೂಗು ಮುರಿದಳು. ಆದರೆ ಅವತ್ತು ಮಧ್ಯಾಹ್ನ ಅವಳಿಗೆ ಊಟ ಸೇರಲಿಲ್ಲ.

ಬಂಗಾರಪೇಟೆಯಿಂದ ಮೋಟರಿನ ಕಿಟ್ ಬಂತು. ಮುಂದಿನ ಚಕ್ರದ ನಡುವೆ ಮೋಟರ್ ಕೂರಿಸಿ ಒಂದೊಂದೇ ಸ್ಪೋಕ್ ಬಿಗಿದಳು. ಫ್ರೇಮಿನ ಸಂದಿಯಲ್ಲಿ ಬ್ಯಾಟರಿ, ಹ್ಯಾಂಡಲಿಗೆ ಆಕ್ಸಿಲರೇಟರ್. ತಾತನ ಕಾಲದ ಬೆಲ್ಲನ್ನು ಮಾತ್ರ ಮುಟ್ಟಲಿಲ್ಲ. ಚಲಪತಿ ಬಸ್ಸಿನಲ್ಲಿ ಸೊಪ್ಪು ತಂದು ಮಾರಿ, ಕೆಲಸ ನೋಡುವ ನೆಪದಲ್ಲಿ ಬಂದು ಸ್ಟೂಲಿನ ಮೇಲೆ ಕೂರುತ್ತಿದ್ದ. ಬಿಗಿದ ನಟ್ಟನ್ನೇ ಸೆಲ್ವಿ ಮತ್ತೆ ಬಿಚ್ಚಿ ಬಿಗಿಯುತ್ತಿದ್ದಳು.

"ಏನಮ್ಮಾ, ಎರಡು ದಿನದ ಕೆಲ್ಸಾನ ಇಷ್ಟು ಎಳೀತಿದ್ದೀಯ," ಎಂದ ಸೆಲ್ವರಾಜ್.

"ಹಳೇ ಗಾಡಿ ಅಪ್ಪಾ. ನಿಧಾನಕ್ಕೆ ಮಾಡ್ಬೇಕು."

ಎಷ್ಟು ಎಳೆದರೂ ಕೆಲಸ ಮುಗಿಯಲೇಬೇಕಲ್ಲ. ಕೊನೆಯ ದಿನ ಬೆಳಗ್ಗೆ ವೈರುಗಳನ್ನು ಜೋಡಿಸುವಾಗ, ಸೇರಿಸಬಾರದ ಒಂದು ವೈರನ್ನೂ ಸೇರಿಸಿ ಮುಚ್ಚಳ ಬಿಗಿದುಬಿಟ್ಟಳು. ಹೊರಡುವಾಗ ಸೈಕಲ್ಲು ತಂಟೆ ಮಾಡಿದರೆ ಇನ್ನೊಂದು ದಿನ ಸಿಗುತ್ತದೆ ಎಂಬ ಆಸೆ ಅವಳದು.

ಉಳಿದದ್ದು ಹಿಂದಿನ ಚಕ್ರ. ಮೋಟರಿನ ಓಟಕ್ಕೆ ಹಳೇ ಟೈರು ತಡೆಯುವುದಿಲ್ಲ ಎಂದು ಅಪ್ಪ ಹೇಳಿದ್ದರಿಂದ ಟೈರು, ಟ್ಯೂಬು ಎರಡನ್ನೂ ಬಿಚ್ಚಿದಳು. ಬಿಚ್ಚಿದ ಟ್ಯೂಬಿಗೆ ಗಾಳಿ ತುಂಬಿ ನೀರಿನ ಬಾಂಡ್ಲಿಯಲ್ಲಿ ಅದ್ದುವುದು ಅವಳ ಕೈಗೆ ರೂಢಿ. ಅದ್ದಿ ನಿಧಾನವಾಗಿ ಒಂದು ಸುತ್ತು ತಿರುಗಿಸಿದಳು. ಒಂದು ಗುಳ್ಳೆಯೂ ಏಳಲಿಲ್ಲ. ವಾಲ್ವನ್ನೂ ಮುಳುಗಿಸಿ ನೋಡಿದಳು. ನೀರು ಸುಮ್ಮನೆ ನಿಂತಿತ್ತು.

"ಚಲಪತಿ, ಇದರಾಗೆ ತೂತೇ ಇಲ್ಲ."

ಚಲಪತಿ ಬಸ್ ಸ್ಟಾಪಿನ ಕಡೆ ತಿರುಗಿದ.

"ಇಲ್ಲಿ ನೋಡಿ. ದಿನಾ ಗಾಳಿ ಎಲ್ಲೋಗ್ತಿತ್ತು?"

"ಗಣಿ ಮಣ್ಣು ಸುರಿದವ್ರಲ್ಲ, ಆ ಸಯನೈಡ್ ದಿಬ್ಬದ ತಿರುವಿನಾಗೆ," ಎಂದ ಅವನು ಮೆಲ್ಲಗೆ. "ನಾನೇ ಬಿಡ್ತಿದ್ದೆ."

ಸೆಲ್ವರಾಜ್ ಕೆಮ್ಮಿ, ಅತ್ತ ತಿರುಗಿ ಯಾವುದೋ ಪೆಡಲ್ ಒರೆಸತೊಡಗಿದ.

"ಮತ್ತೆ ಎಲ್ಲೂ ನಿಲ್ಬಾರ್ದು ಅಂದ್ರಲ್ಲ?"

"ದಾರೀಲಿ ನಿಲ್ದಿದ್ರೆ ಬೇಗ ಬತ್ತೀನಿ. ಬೇಗ ಸೊಪ್ಪು ಮಾರ್ಬುಟ್ಟು ಇಲ್ಲಿ ಕೂರ್ಬೌದು ಅಂತ. ಗಾಳಿ ಒಡೆಯೋ ಅಷ್ಟೊತ್ತು ನಂಗೆ ಸಾಲ್ತಿಲ್ಲ, ಸೆಲ್ವಿ."

ಸೆಲ್ವಿಯ ಕೈಯಿಂದ ಟ್ಯೂಬು ಜಾರಿ ಬಾಂಡ್ಲಿಗೆ ಬಿದ್ದರೂ ಎತ್ತಿಕೊಳ್ಳುವ ನೆನಪಾಗಲಿಲ್ಲ.

"ಆ ಇನ್ನೊಬ್ರು?"

"ನಮ್ಮಮ್ಮ. ಭಾನುವಾರ ಕರ್ಕಂಡ್ ಬತ್ತೀನಿ, ನಿಮ್ಮಪ್ಪನ ತಾವ ಮಾತಾಡಕ್ಕೆ. ನೀವು ಒಪ್ಪಿದ್ರೆ ಆಮೇಲೆ ಆ ಕ್ಯಾರಿಯರ್ ನಿಮ್ದು."

"ಅಮ್ಮನ್ನ ಉಷಾರಾಗಿ ಕರ್ಕೊಂಡ್ ಬನ್ನಿ," ಎಂದಳು ಸೆಲ್ವಿ. ಅಷ್ಟು ಹೇಳುವಷ್ಟರಲ್ಲಿ ಅವಳ ಮುಖ ಕೆಂಪಾಗಿತ್ತು.

ಹೊಸ ಟ್ಯೂಬು, ಟೈರು ಹಾಕಿ ಸೈಕಲ್ಲನ್ನು ಬಾಗಿಲ ಮುಂದೆ ರಸ್ತೆಗೆ ಮುಖ ಮಾಡಿ ನಿಲ್ಲಿಸಿದಳು. ಖುಷಿಯಲ್ಲಿ ಬೆಳಗಿನ ವೈರು ಮರೆತೇ ಹೋಗಿತ್ತು. ಚಲಪತಿ ಠೀವಿಯಿಂದ ಕೂತು ಆಕ್ಸಿಲರೇಟರ್ ತಿರುಗಿಸಿದ. ಸೈಕಲ್ಲು ಗುರ್ ಎಂದು ಹಿಂದಕ್ಕೆ ಹೊರಟು, ಶಾಪಿನೊಳಗೆ ಬಂದು, ಹಳೇ ಟೈರುಗಳ ರಾಶಿಗೆ ಕ್ಯಾರಿಯರ್ ತಾಗಿಸಿ ನಿಂತಿತು.

"ಅದಕ್ಕೆ ಓಗಕ್ಕೆ ಇಷ್ಟ ಇಲ್ಲ," ಎಂದ ಸೆಲ್ವರಾಜ್, ತಿರುಗಿ ನೋಡದೆಯೇ.

ಸೆಲ್ವಿ ಚೂಡಿದಾರಿನ ಶಾಲಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ನಾನೇ ಮಾಡಿದ್ದು. ಹಿಂದಕ್ಕೆ ಓಡೋ ವೈರು ಸೇರಿಸ್ಬಿಟ್ಟೆ. ನೀವು ಇವತ್ತು ಓಗ್ಬಾರ್ದು ಅಂತ."

ಟೈರುಗಳ ನಡುವೆ ಸಿಕ್ಕಿಕೊಂಡೇ ಚಲಪತಿ ಅವಳನ್ನು ನೋಡಿದ. ಅವಳೂ ನೋಡಿದಳು. ಈ ಸಲ ಅವನು ಬಸ್ ಸ್ಟಾಪಿನ ಕಡೆ ತಿರುಗಲಿಲ್ಲ.

ಸಂಜೆ ಆ ವೈರು ಬಿಚ್ಚಿದ ಮೇಲೆ ಸೈಕಲ್ಲು ಮುಂದಕ್ಕೆ ಓಡಿತು. ಮಾರನೆಯ ಬೆಳಗ್ಗೆ ಬೆಲ್ಲಿನ ಸದ್ದು ಎಂದಿಗಿಂತ ಬೇಗ ಕೇಳಿಸಿತು. ಕೊತ್ತಂಬರಿ ಕಟ್ಟುಗಳ ಮೇಲಿನ ಇಬ್ಬನಿ ಇನ್ನೂ ಆರಿರಲಿಲ್ಲ. ಸೆಲ್ವಿ ಪಂಪು ಹಿಡಿದು ಹೊರಗೆ ಬಂದಳು.

"ಗಾಳಿ ಗಟ್ಟಿಯಾಗೈತೆ," ಎಂದ ಚಲಪತಿ. "ಇವತ್ತು ನಾನು ಬಿಟ್ಟಿಲ್ಲ."

ಅವಳು ಹಿಂದಿನ ಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕೂತು, ವಾಲ್ವ್ ತಿರುಗಿಸಿ, ಭುಸ್ಸೆಂದು ಗಾಳಿಯನ್ನೆಲ್ಲ ಬಿಟ್ಟಳು.

"ಈಗ ಇಲ್ಲ," ಎಂದಳು. "ಸ್ಟೂಲ್ ಎಳ್ಕೊಂಡು ಕೂತ್ಕೊಳ್ಳಿ."